ಜೋಡಿ ಗುಂಡು ಕೇಳಿದ ಮೇಲೆ: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಮೈಸೂರು-ಕೊಡಗು ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ಮಕ್ಕಂದೂರು ಕಡೆಯ ಒಬ್ಬ ನಿವೃತ್ತ ಶಿಕ್ಷಕಿಯ ನಮಸ್ಕಾರಗಳು.

ರಸ್ತೆ, ಆನೆ ಕಾಟ, ಕಾಫಿ ರೇಟು ಅಂತ ನಮ್ಮ ಜಿಲ್ಲೆಯಿಂದ ನಿಮಗೆ ಬೇಕಾದಷ್ಟು ಪತ್ರ ಬರುತ್ತವೆ. ಅವೆಲ್ಲ ಬೇಕಾದವೇ. ಇದು ಬೇರೆ ವಿಷಯ. ಪಕ್ಕದ ದೇಶದಲ್ಲಿ ದೊಡ್ಡ ಸಾವು-ನೋವು ಆದಾಗ ನಮ್ಮ ದೇಶ ಹೇಗೆ ನಡೆದುಕೊಳ್ಳಬೇಕು ಎಂಬುದರ ಬಗ್ಗೆ ಬರೆಯುತ್ತಿದ್ದೇನೆ. ತೋಟದ ಮನೆಯಲ್ಲಿ ಕೂತವಳಿಗೆ ಇದೆಲ್ಲ ಯಾಕೆ ಅಂತ ಅನ್ನಿಸಬಹುದು. ದಯವಿಟ್ಟು ಪೂರ್ತಿ ಓದಿ.

ನಾವು ಅರೆಭಾಷೆ ಮನೆಯವರು. ನಮ್ಮ ಮನೆಯಿಂದ ಕೆಳಗಿನ ಗದ್ದೆ ದಾಟಿದರೆ ಒಂದು ಕೊಡವ ಕುಟುಂಬದ ಮೂಲಮನೆ, ಐನ್‌ಮನೆ ಇದೆ. ಅವರಿಗೂ ನಮಗೂ ಬೇಲಿ ವಿಚಾರದಲ್ಲಿ ನಮ್ಮ ಅಪ್ಪನ ಕಾಲದಿಂದ ತಕರಾರು. ಮಾತು ಬಿಟ್ಟು ವರ್ಷಗಟ್ಟಲೆ ಆಗಿತ್ತು. ನನಗೆ ಹನ್ನೆರಡು ವರ್ಷ ಇದ್ದಾಗ ಒಂದು ಬೆಳಗಿನ ಜಾವ ಆ ಕಡೆಯಿಂದ ಜೋಡಿ ಗುಂಡಿನ ಸದ್ದು ಕೇಳಿತು. ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು. ಅಪ್ಪ ಹಾಸಿಗೆಯಿಂದ ಎದ್ದವರೇ ಕತ್ತಿ ತಗೊಂಡು, ಸೌದೆ ಕಡಿಯೋದಕ್ಕೆ ಜನ ಬೇಕಾಗ್ತಾರೆ ಅಂತ ಹೊರಟರು. ಅಮ್ಮ ಏನೂ ಕೇಳಲಿಲ್ಲ. ಮಧ್ಯಾಹ್ನ ಅಪ್ಪ ಬಂದು ಸ್ನಾನ ಮಾಡಿ ಊಟಕ್ಕೆ ಕೂತರು. ಬೇಲಿ ತಕರಾರು ಹಾಗೇ ಇತ್ತು, ಆಮೇಲೂ ಹತ್ತು ವರ್ಷ ಇತ್ತು. ಆದರೆ ಆ ದಿನ ಅದರ ಮಾತು ಯಾರೂ ಎತ್ತಲಿಲ್ಲ.

ನಮ್ಮ ಕಡೆ ಮಾನ ಅಂದರೆ ಇದೇ. ಸಾವಿನ ಮನೆಗೆ ಹೋಗದವನ ಮರ್ಯಾದೆ ಹೋಗುತ್ತದೆ. ಹೋಗಿ ದೊಡ್ಡಸ್ತಿಕೆ ತೋರಿಸಿದವನದ್ದು ಇನ್ನೂ ಜಾಸ್ತಿ ಹೋಗುತ್ತದೆ.

2018ರ ಆಗಸ್ಟ್ 16, 17ರಂದು ನಮ್ಮ ಮೇಲೆ ಏನಾಯಿತು ಅಂತ ನಿಮಗೆ ಗೊತ್ತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಹೆಬ್ಬೆಟ್ಟಗೇರಿ, ಜೋಡುಪಾಲ. ಒಂದೊಂದು ಗುಡ್ಡವೂ ಮರ, ಮನೆ, ಕಾಫಿ ಗಿಡದ ಸಮೇತ ಜಾರಿಕೊಂಡು ಬಂತು. ನಮ್ಮದು ಎರಡು ಎಕರೆ ತೋಟ ಹೋಯಿತು. ದೊಡ್ಡಮ್ಮನ ಮನೆ ಪೂರ್ತಿ ಹೋಯಿತು. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ.

ಅವರನ್ನು ಕರೆತಂದದ್ದು ಸೈನಿಕರು. ಕಟ್ಟಿದ ಹಗ್ಗ ಹಿಡಿದು ಕೆಸರು ದಾಟಬೇಕಿತ್ತು. ದೊಡ್ಡಮ್ಮ ಸೀರೆ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿಕೊಂಡರು. ಕೈ ಹಿಡಿದ ಹುಡುಗ ಉತ್ತರದ ಕಡೆಯವನು, ಕನ್ನಡ ಬಾರದು. ‘ಮಾತಾಜಿ’ ಅಂತ ಒಂದು ಮಾತು ಹೇಳಿ, ಮುಖ ಆ ಕಡೆ ತಿರುಗಿಸಿ, ಕೈ ಮಾತ್ರ ಹಿಂದಕ್ಕೆ ಚಾಚಿದ. ಅವರು ದಡ ಸೇರಿ ಸೀರೆ ಸರಿ ಮಾಡಿಕೊಳ್ಳೋವರೆಗೂ ತಿರುಗಿ ನೋಡಲಿಲ್ಲ. ದೊಡ್ಡಮ್ಮ ಇವತ್ತಿಗೂ ಆ ಹುಡುಗನಿಗೆ ಒಳ್ಳೇದಾಗಲಿ ಅಂತ ದೀಪ ಹಚ್ಚುವಾಗ ಬೇಡಿಕೊಳ್ಳುತ್ತಾರೆ. ಅವನ ಹೆಸರು ಅವರಿಗೆ ಗೊತ್ತಿಲ್ಲ.

ಇನ್ನೊಂದು ದೃಶ್ಯವೂ ಇದೆ. ಮಡಿಕೇರಿಯ ಒಂದು ಕಲ್ಯಾಣ ಮಂಟಪದಲ್ಲಿ ಪರಿಹಾರ ಕೇಂದ್ರ. ದೂರದ ಊರಿನಿಂದ ಒಂದು ಗುಂಪು ಕಂಬಳಿ ತಂದಿತ್ತು. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದರು, ಅದರಲ್ಲಿ ನನಗೆ ಅನುಮಾನ ಇಲ್ಲ. ದೊಡ್ಡಮ್ಮನ ಕೈಗೆ ಕಂಬಳಿ ಕೊಟ್ಟು ಫೋಟೋ ತೆಗೆದರು. ಬ್ಯಾನರ್ ಸರಿಯಾಗಿ ಬರಲಿಲ್ಲ ಅಂತ ಕಂಬಳಿ ವಾಪಸ್ ತಗೊಂಡು ಇನ್ನೊಮ್ಮೆ ಕೊಟ್ಟರು. ‘ಸ್ವಲ್ಪ ಈ ಕಡೆ ನೋಡಿ ಅಜ್ಜಿ’ ಅಂದರು. ದೊಡ್ಡಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಕಂಬಳಿಯನ್ನು ಮಡಿಸಿ ಮೇಜಿನ ಮೇಲಿಟ್ಟು ಬಂದು ಗೋಡೆಗೆ ಒರಗಿ ಕೂತರು. ‘ನಮ್ಮನೆಗೆ ಎಷ್ಟು ಜನ ಬಂದು ಉಂಡು ಹೋಗಿದ್ದಾರೆ. ನಾನು ಯಾರಿಗಾದ್ರೂ ತಟ್ಟೆ ಎತ್ತಿ ಹಿಡಿ ಅಂದಿದ್ದೇನಾ?’ ಅಂತ ನನ್ನ ಕೇಳಿದರು. ಆ ರಾತ್ರಿ ಜೋರು ಚಳಿ ಇತ್ತು. ಆ ಕಂಬಳಿ ಅವರು ಹೊದೆಯಲೇ ಇಲ್ಲ.

ಎರಡೂ ಸಹಾಯವೇ ಅಲ್ವಾ ಸಾರ್? ಒಂದನ್ನು ನೆನೆದು ದೀಪ ಹಚ್ಚುತ್ತಾರೆ. ಇನ್ನೊಂದನ್ನು ನೆನೆದರೆ ಈಗಲೂ ಮುಖ ಸಣ್ಣಗಾಗುತ್ತದೆ.

ಆ ದಿನ ಗೋಡೆ ಪಕ್ಕ ದೊಡ್ಡಮ್ಮನ ಜೊತೆ ಬಂದು ಕೂತವನು ಒಬ್ಬ ನೇಪಾಳಿ. ನಮ್ಮೂರಿನ ಒಂದು ಹೋಂಸ್ಟೇನಲ್ಲಿ ಅಡುಗೆ ಕೆಲಸಕ್ಕಿದ್ದ. ಸಿಂಧುಪಾಲ್‌ಚೋಕ್ ಜಿಲ್ಲೆಯವನು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ನೇಪಾಳದಲ್ಲಿ ಸುಮಾರು 9,000 ಜನ ಸತ್ತರಲ್ಲ, ಅದರಲ್ಲಿ ಅತಿ ಹೆಚ್ಚು ಸಾವು ಕಂಡ ಜಿಲ್ಲೆ ಅದೇ. ಆಗ ಎರಡು ದಿನ ಅವನಿಗೆ ಮನೆಗೆ ಫೋನ್ ಸಿಗಲಿಲ್ಲ. ನಮ್ಮ ಅಂಗಳದಲ್ಲಿ ಸಿಗ್ನಲ್ ಚೆನ್ನಾಗಿರುತ್ತೆ ಅಂತ ಬಂದು ಫೋನ್ ಹಿಡಿದು ಕೂತಿರುತ್ತಿದ್ದ. ಅವನ ಅಮ್ಮ ಬದುಕಿದ್ದರು. ಮನೆ, ಆಡು, ಎಮ್ಮೆ ಎಲ್ಲ ಹೋಗಿತ್ತು.

ಅವನು ನನಗೆ ಹೇಳಿದ ಮಾತು ಹೀಗಿತ್ತು: ‘ಅಕ್ಕಾ, ನಿಮ್ಮ ಹೆಲಿಕಾಪ್ಟರ್ ಬಂತು. ಅದು ನಾವು ಮರೆಯಲ್ಲ. ಆದ್ರೆ ನಿಮ್ಮ ಟಿವಿ ಯಾಕೆ ಬಂತು?’

ನಮ್ಮ ದೇಶ ಆಗ ಮಾಡಿದ ಕೆಲಸ ಸಣ್ಣದಲ್ಲ. ಭೂಕಂಪ ಆದ ದಿನವೇ ನಮ್ಮ ವಿಮಾನಗಳು ಕಠ್ಮಂಡು ಕಡೆ ಹೊರಟವು. ಆಪರೇಷನ್ ಮೈತ್ರಿ ಅಂತ ಹೆಸರು. ಎನ್‌ಡಿಆರ್‌ಎಫ್‌ನವರು ಅವಶೇಷಗಳಡಿಯಿಂದ ಜೀವ ಎತ್ತಿದರು. ಆದರೆ ಕ್ಯಾಮೆರಾಗಳೂ ಹಿಂದೆಯೇ ಹೋದವು. ಎಲ್ಲ ಕಳಕೊಂಡವರ ಬಾಯಿ ಮುಂದೆ ಮೈಕ್ ಹಿಡಿದವು. ಭಾರತ ಬಂತು, ಭಾರತ ಉಳಿಸಿತು ಅಂತ ಇಡೀ ದಿನ ಹೇಳಿದವು. ಮೇ ಮೊದಲ ವಾರಕ್ಕೆ ‘ಭಾರತದ ಮಾಧ್ಯಮದವರೇ, ವಾಪಸ್ ಹೋಗಿ’ ಎಂಬ ಕೂಗು ನೇಪಾಳದವರ ಟ್ವಿಟರ್ ತುಂಬ ಹರಿದಾಡಿತು. ಎಂಟು ದಿನ! ಯೋಧರು ಬೆವರು ಸುರಿಸಿ ಗಳಿಸಿದ ಪ್ರೀತಿಗೆ ಕಹಿ ಬೆರೆಯಲು ಎಂಟೇ ದಿನ ಸಾಕಾಯಿತು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನೇಪಾಳ ಹೊಸ ಸಂವಿಧಾನ ತಂದಿತು. ಗಡಿಯಲ್ಲಿ ಲಾರಿಗಳು ನಿಂತವು. ಭಾರತ ದಿಗ್ಬಂಧನ ಹಾಕಿದೆ ಅಂತ ಅವರು, ಇಲ್ಲ, ನಿಮ್ಮಲ್ಲಿನ ಮಧೇಶಿಗಳ (ದಕ್ಷಿಣ ನೇಪಾಳದ ಬಯಲಿನ ಜನ) ಪ್ರತಿಭಟನೆಯಿಂದ ಹೀಗಾಗಿದೆ ಅಂತ ನಾವು. ಯಾರ ಮಾತು ಎಷ್ಟು ಸರಿ ಅನ್ನೋದು ನಿಮ್ಮಂಥವರಿಗೆ ಗೊತ್ತಿರಬೇಕು. ನನಗೆ ಗೊತ್ತಿರೋದು ಆ ನೇಪಾಳಿಯ ಅಮ್ಮನ ವಿಷಯ. ಆ ಚಳಿಗಾಲ ಆಕೆ ತಗಡಿನ ಶೆಡ್ಡಿನಲ್ಲಿ, ಗ್ಯಾಸ್ ಸಿಗದೆ, ಬಿದ್ದ ಮನೆಯ ಬಾಗಿಲು-ಕಿಟಕಿಯ ಮರ ಒಡೆದು ಒಲೆಗಿಟ್ಟರು.

ಹಾಗಿದ್ದೂ 2018ರಲ್ಲಿ ಅವನು ಒಂದು ಚೀಲ ಅವಲಕ್ಕಿ, ಒಂದು ಫ್ಲಾಸ್ಕ್ ಚಹಾ ತಂದು ದೊಡ್ಡಮ್ಮನ ಪಕ್ಕ ಕೂತ. ಏನೂ ಮಾತಾಡಲಿಲ್ಲ. ಚಹಾ ಬಗ್ಗಿಸಿ ಕೊಟ್ಟ, ಅವರು ಕುಡಿದರು. ಲೋಟ ತೊಳೆದು ತಂದ. ಸುಮ್ನೆ ಕೂತ.

ಮಾನ್ಯರೇ, ಈಗ ಕಷ್ಟದ ಮಾತಿಗೆ ಬರುತ್ತೇನೆ. ನೇಪಾಳದವರೇನೋ ಸರಿ, ಪಾಕಿಸ್ತಾನಕ್ಕೂ ಇದೇ ಮಾತಾ ಅಂತ ನಮ್ಮ ಭಾವನೇ ಕೇಳುತ್ತಾರೆ. ಅವರು ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದವರು. ಗಡಿಯಲ್ಲಿ ಗೆಳೆಯರನ್ನು ಕಳಕೊಂಡವರು. ಅವರ ಎದುರು ನಾನು ಹಗುರವಾಗಿ ಮಾತಾಡಲಾರೆ. ಗುಂಡು ಹಾರಿಸಿ ಬಂದವನಿಗೆ ಗುಂಡಿನಲ್ಲೇ ಉತ್ತರ ಕೊಡಬೇಕು, ಅದರಲ್ಲಿ ನಮ್ಮಿಬ್ಬರಿಗೂ ಬೇರೆ ಅಭಿಪ್ರಾಯ ಇಲ್ಲ. ಆದರೆ ಭೂಮಿ ನಡುಗಿದಾಗ, ನದಿ ಉಕ್ಕಿದಾಗ ಸಾಯೋದು ಮಕ್ಕಳು, ಮುದುಕರು.

2001ರ ಜನವರಿ 26ರಂದು ಗುಜರಾತಿನ ಭುಜ್ ಭೂಕಂಪದಲ್ಲಿ ಮಣ್ಣಾದಾಗ ಪಾಕಿಸ್ತಾನದಿಂದ ಡೇರೆ, ಕಂಬಳಿ ಹೊತ್ತ ವಿಮಾನ ಬಂದಿತ್ತು. ಕಾರ್ಗಿಲ್ ಆಗಿ ಎರಡು ವರ್ಷವೂ ಆಗಿರಲಿಲ್ಲ. 2005ರ ಅಕ್ಟೋಬರ್ 8ರಂದು ಆ ಕಡೆಯ ಕಾಶ್ಮೀರ ಮತ್ತು ಉತ್ತರ ಪಾಕಿಸ್ತಾನದ ಭೂಕಂಪದಲ್ಲಿ 70,000ಕ್ಕೂ ಹೆಚ್ಚು ಜನ ಸತ್ತಾಗ ನಾವೂ ಸಾಮಾನು ಕಳಿಸಿದೆವು. ಗಡಿ ನಿಯಂತ್ರಣ ರೇಖೆಯಲ್ಲಿ ಐದು ಕಡೆ ದಾರಿ ತೆರೆಯಿತು. ಆದರೆ ಹೆಲಿಕಾಪ್ಟರ್ ವಿಚಾರ ಬಂದಾಗ ಎರಡೂ ಕಡೆ ಬಿಗಿಯಾಯಿತು. ಹೆಲಿಕಾಪ್ಟರ್ ಕೊಡಿ, ಪೈಲಟ್ ಬೇಡ ಅಂತ ಅವರು. ಪೈಲಟ್ ಇಲ್ಲದೆ ಕೊಡಲ್ಲ ಅಂತ ನಾವು. ನಮ್ಮ ಭಾವ ಹೇಳೋದು, ಯಾವ ಸೇನೆಯೂ ಹಾಗೆ ಕೊಡಲ್ಲ ಅಂತ. ಇರಬಹುದು. ಹೆಲಿಕಾಪ್ಟರ್ ಹಾರಲಿಲ್ಲ. ಬೆಟ್ಟದ ಮೇಲೆ ಹಿಮ ಬೀಳೋದು ಮಾತ್ರ ಯಾರಿಗೂ ಕಾಯಲಿಲ್ಲ. ಜೋಡಿ ಗುಂಡು ಕೇಳಿದ ಮೇಲೂ ಬೇಲಿ ಹತ್ತಿರ ನಿಂತು ಮಾತಾಡಿದ ಹಾಗೆ ಅದು.

ಬೇರೆ ಥರವೂ ನಡೆದಿದೆ. ನಮ್ಮ ಮಡಿಕೇರಿಯಲ್ಲೇ ಹುಟ್ಟಿದ ಜನರಲ್ ತಿಮ್ಮಯ್ಯನವರು ಸೈಪ್ರಸ್ಸಿನಲ್ಲಿ ಗ್ರೀಕರು, ತುರ್ಕರ ನಡುವೆ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ನಿಂತು, 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಆ ಹಗೆ ಮುಂದೆಯೂ ಉರಿಯುತ್ತಲೇ ಇತ್ತು. 1999ರ ಆಗಸ್ಟ್‌ನಲ್ಲಿ ಟರ್ಕಿಯಲ್ಲಿ ಭೂಕಂಪ ಆದಾಗ ಮೊದಲೇ ಓಡಿ ಬಂದವರಲ್ಲಿ ಗ್ರೀಕರಿದ್ದರು. ಒಂದು ತಿಂಗಳೊಳಗೆ ಅಥೆನ್ಸ್ ನಡುಗಿತು. ಆಗ ಟರ್ಕಿಯವರು ಅಲ್ಲಿಗೆ ಹೋದರು. ಜಗಳ ಮುಗಿಯಲಿಲ್ಲ. ಮಾತು ಶುರುವಾಯಿತು.

ನಾವೂ ಕಲಿಯುತ್ತಿಲ್ಲ ಅಂತಲ್ಲ. 2025ರ ಆಗಸ್ಟ್‌ನಲ್ಲಿ, ಸಿಂಧೂ ನದಿ ಒಪ್ಪಂದ ತಡೆಹಿಡಿದಿದ್ದಾಗಲೂ, ತಾವಿ ನದಿಯಲ್ಲಿ ಪ್ರವಾಹ ಬರುತ್ತಿದೆ ಅಂತ ನಮ್ಮವರು ಪಾಕಿಸ್ತಾನಕ್ಕೆ ಮುನ್ನೆಚ್ಚರಿಕೆ ಕೊಟ್ಟರು. ಅದನ್ನು ಓದಿದ ದಿನ ನನಗೆ ನನ್ನ ದೇಶದ ಬಗ್ಗೆ ಹೆಮ್ಮೆ ಅನ್ನಿಸಿತು. ನೆರೆ ಬರುತ್ತಿದೆ ಅಂತ ಒಂದು ಗಂಟೆ ಮೊದಲು ಗೊತ್ತಾದರೆ ಏನೆಲ್ಲ ಉಳಿಯುತ್ತೆ ಅಂತ ನಮ್ಮಂಥವರಿಗೆ ಚೆನ್ನಾಗಿ ಗೊತ್ತು.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳೋದು ಇದು. ಸಂಸತ್ತಿನಲ್ಲಿ ಒಂದು ಪ್ರಶ್ನೆ ಎತ್ತಿ. ನಮ್ಮ ಪರಿಹಾರ ತಂಡ ಬೇರೆ ದೇಶಕ್ಕೆ ಹೋದಾಗ, ಇಲ್ಲೇ ನಮ್ಮ ಜಿಲ್ಲೆಗಳಿಗೆ ಬಂದಾಗಲೂ, ನೊಂದವರ ಮುಖಕ್ಕೆ ಕ್ಯಾಮೆರಾ ಹಿಡಿಯಬಾರದು ಅಂತ ಬರೆದಿಟ್ಟ, ಕಟ್ಟುನಿಟ್ಟಿನ ನಿಯಮ ಬೇಕು. ಸೇನೆಯ ವಿಮಾನದಲ್ಲಿ ಟಿವಿಯವರನ್ನು ಕೂರಿಸುವ ಬದಲು ಇನ್ನೊಂದು ಮೂಟೆ ಅಕ್ಕಿ ಹಾಕಲಿ. ಮೂಟೆ ಮೇಲೆ ಯಾವ ನಾಯಕರ ಚಿತ್ರವೂ ಬೇಡ, ಯಾವ ಪಕ್ಷದವರದ್ದಾದರೂ ಸರಿ.

ಇನ್ನೊಂದು, ತಗೊಳ್ಳೋದನ್ನೂ ಕಲಿಯೋಣ. 2004ರ ಸುನಾಮಿಯಿಂದ ಈಚೆಗೆ ವಿದೇಶಿ ಸರ್ಕಾರಗಳ ಸಹಾಯ ಬೇಡ ಅನ್ನೋ ನಡೆ ನಮ್ಮದು. 2018ರಲ್ಲಿ ಅದೇ ಮಳೆಗೆ ಕೇರಳ ಮುಳುಗಿದಾಗಲೂ ಬೇಡ ಅಂದೆವು. 2021ರ ಕೊರೊನಾದಲ್ಲಿ ಉಸಿರು ಸಿಗದೆ ಒದ್ದಾಡಿದಾಗ ತಗೊಂಡೆವು. ಅಂಗೈಯಗಲದ ಭೂತಾನ್ ಅಸ್ಸಾಮಿಗೆ ಆಕ್ಸಿಜನ್ ಕೊಡಲು ಮುಂದೆ ಬಂತು. ಅದರಿಂದ ನಮ್ಮ ಮಾನ ಹೋಯಿತಾ? ಆ ನೇಪಾಳಿಯ ಚಹಾ ಕುಡಿದು ನಮ್ಮ ದೊಡ್ಡಮ್ಮ ಸಣ್ಣವರಾಗಲಿಲ್ಲ.

ಕೊನೆಯದು ನಮ್ಮ ಕೊಡಗಿನ ಮಾತು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋಗಿ ವಾಪಸ್ ಬರಲಿಲ್ಲ. ಹಳೆಯ ಮಿಸ್ಟಿಯರ್ ವಿಮಾನದಲ್ಲಿದ್ದುಕೊಂಡು ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿದರು. ಇದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಣೆಯಾದವರು ಅಂತಲೇ ಬಹುಕಾಲ ದಾಖಲೆಯಲ್ಲಿತ್ತು. ಸತ್ಯ ಹೊರಬಂದದ್ದು ಪಾಕಿಸ್ತಾನದ ಕಡೆಯಿಂದ. ಬ್ರಿಟಿಷ್ ಲೇಖಕರೊಬ್ಬರು 1979ರಲ್ಲಿ ಆ ಕಡೆಯ ಯುದ್ಧದ ಕಥೆ ಬರೆದಾಗ, ಸ್ಟಾರ್‌ಫೈಟರ್ ಬಿದ್ದದ್ದು ಹೇಗೆ ಅಂತ ತಿಳಿಯಿತು. ಅದರ ಪೈಲಟ್ ಬದುಕಿ ಉಳಿದಿದ್ದರು. 1988ರಲ್ಲಿ, 23 ವರ್ಷದ ನಂತರ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಅವರ ದೇಹ ಬಿದ್ದದ್ದು ಅಲ್ಲಿನ ಹೊಲದಲ್ಲಿ. ಹಳ್ಳಿಯ ಜನ ಅದನ್ನು ಎತ್ತಿ ಮಣ್ಣು ಮಾಡಿದ್ದರು.

ಯುದ್ಧ ನಡೆಯುತ್ತಿತ್ತು ಸಾರ್. ಮೇಲೆ ವಿಮಾನಗಳು ಹಾರುತ್ತಿದ್ದವು. ತಮ್ಮ ಮೇಲೆ ಬಾಂಬ್ ಹಾಕಲು ಬಂದ ದೇಶದವನು. ಆದರೂ ಯಾರೋ ಗುದ್ದಲಿ ತಂದರು, ಗುಂಡಿ ತೋಡಿದರು.

ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಹತ್ತಿರ ಅವರ ಹೆಸರಿನ ವೃತ್ತ ಇದೆ. ಪ್ರತಿ ಸೆಪ್ಟೆಂಬರ್ 7ಕ್ಕೆ ನಮ್ಮ ಭಾವ ಮೆಡಲ್ ಹಾಕಿಕೊಂಡು ಹೋಗಿ ಅಲ್ಲಿ ನಿಲ್ಲುತ್ತಾರೆ. ಈ ಸಲ ನೀವೂ ಬನ್ನಿ. ಹಾರ ಹಾಕಿ, ಅವರ ಶೌರ್ಯದ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ. ಅದರ ಜೊತೆ, ನಮ್ಮ ಮನೆಮಗನನ್ನು ಮಣ್ಣು ಮಾಡಿದ ಆ ಹಳ್ಳಿಯವರಿಗೆ ಕೊಡಗಿನ ಪರವಾಗಿ ಒಂದು ಕೃತಜ್ಞತೆ ಹೇಳಿ. ಮೈಕಿನಲ್ಲೇ ಹೇಳಿ, ಎಲ್ಲರಿಗೂ ಕೇಳುವ ಹಾಗೆ. ಈ ಮಾತು ಭಾವನ ಹತ್ತಿರ ಹೇಳಿದಾಗ ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಸಂಸದರು ಹೇಳಿದರೆ ನಾನು ಸೆಲ್ಯೂಟ್ ಹೊಡೀತೇನೆ’ ಅಂದರು.

ದೊಡ್ಡಮ್ಮನನ್ನೂ ಕರೆದುಕೊಂಡು ಬರುತ್ತೇನೆ. ಅವರಿಗೊಂದು ಕುರ್ಚಿ ಹಾಕಿಸಿ.

ಇಂತಿ ನಿಮ್ಮ ಕ್ಷೇತ್ರದ ಮತದಾರಳು,
ಮಕ್ಕಂದೂರು, ಕೊಡಗು