‘ಬಿಫಿಟ್’ ಪದಕ್ಕೆ ‘ಹೊಂದು’ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಇಂಗ್ಲಿಷ್ ಕಲಿಕೆಯ ಅಂಕಣದಲ್ಲಿ ‘ಬಿಫಿಟ್’ ಎಂಬ ಕ್ರಿಯಾಪದಕ್ಕೆ ‘ಹೊಂದು’ ಎಂಬ ಒಂದೇ ಅರ್ಥ ಕೊಟ್ಟು ಮುಂದಿನ ಪದಕ್ಕೆ ಹೋಗಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಅಂಗಿ ಮೈಗೆ ಹೊಂದುತ್ತದೆ, ಕೀಲಿಕೈ ಬೀಗಕ್ಕೆ ಹೊಂದುತ್ತದೆ. ಇಂಗ್ಲಿಷಿನಲ್ಲಿ ಇವೆರಡೂ ‘ಫಿಟ್’. ಬಣ್ಣವು ಮುಖಕ್ಕೆ ಒಪ್ಪಿದರೆ, ಹವೆಯು ದೇಹಕ್ಕೆ ಒಗ್ಗಿದರೆ ಅದು ‘ಸೂಟ್’. ‘ಬಿಫಿಟ್’ ಬಳಕೆಯಾಗುವುದು ಒಬ್ಬರ ನಡೆಯನ್ನೋ ನುಡಿಯನ್ನೋ ಅವರಿಗೆ ಸಲ್ಲುವ ಗೌರವವನ್ನೋ ಅವರ ಸ್ಥಾನದೊಂದಿಗೆ ಅಥವಾ ಸಂದರ್ಭದ ಗಾಂಭೀರ್ಯದೊಂದಿಗೆ ಇಟ್ಟು ತೂಗುವಾಗ. ನ್ಯಾಯಾಧೀಶರ ಪೀಠಕ್ಕೆ ತಕ್ಕ ಸಂಯಮ, ಬಹುಕಾಲ ದುಡಿದವರಿಗೆ ತಕ್ಕ ಬೀಳ್ಕೊಡುಗೆ, ‘ಇಂಥ ಮಾತು ನಿಮಗೆ ತರವಲ್ಲ’ ಎಂಬ ಆಕ್ಷೇಪ, ಇವೆಲ್ಲ ಆ ಪದದ ನೆಲೆಗಳು.

ಇದಕ್ಕೆ ತೀರ ಹತ್ತಿರದ ಕನ್ನಡ ಪದ ‘ತಗು’ ಎಂದು ನನ್ನ ಭಾವನೆ. ಈ ಧಾತುವಿನ ಬಹುತೇಕ ರೂಪಗಳು ಬಳಕೆ ತಪ್ಪಿ ‘ತಕ್ಕ’, ‘ತಕ್ಕುದು’ ಎಂಬಂಥ ಕೆಲವು ಮಾತ್ರ ಇಂದು ನಮ್ಮ ಬಾಯಲ್ಲಿ ಉಳಿದಿವೆ. ಸೋಜಿಗವೆಂದರೆ ‘ಬಿಫಿಟ್’ ಸಹ ಇಂಥದೇ ಕ್ರಿಯಾಪದ: ಅದಕ್ಕೆ ‘ನಾನು’, ‘ನೀನು’ ಕರ್ತೃಗಳಾಗುವುದು ವಿರಳ, ನಡೆಯುತ್ತಿರುವ ಕ್ರಿಯೆಯನ್ನು ಸೂಚಿಸುವ ರೂಪದಲ್ಲಿಯೂ ಅದು ಸಾಮಾನ್ಯವಾಗಿ ಬರುವುದಿಲ್ಲ. ಯೋಗ್ಯತೆಯನ್ನು ಹೇಳುವ ಮಾತು ಕರ್ತವ್ಯವನ್ನು ವಿಧಿಸುವ ಮಾತಾಗಿ ಬೆಳೆಯುವುದೂ ಎರಡು ಭಾಷೆಗಳಲ್ಲಿ ಕಾಣುತ್ತದೆ. ಕಾನೂನಿನ ಕನ್ನಡದಲ್ಲಿ ‘ಅರ್ಜಿಯನ್ನು ಸಲ್ಲಿಸತಕ್ಕದ್ದು’ ಎಂದರೆ ಸಲ್ಲಿಸಲೇಬೇಕು ಎಂದರ್ಥ. ಇಂಗ್ಲಿಷಿನ ‘ಬಿಹೂವ್’ ಎಂಬ ಹಳೆಯ ಕ್ರಿಯಾಪದವೂ ಒಬ್ಬರಿಗೆ ಉಚಿತವಾದುದನ್ನು ಅವರ ಹೊಣೆಯೆಂದೇ ಹೇಳುತ್ತದೆ. ಇಷ್ಟು ಹತ್ತಿರದ ಸಾಮ್ಯ ನಮ್ಮ ನುಡಿಯಲ್ಲಿಯೇ ಇರುವಾಗ ‘ಹೊಂದು’ ಎಂದು ತೇಲಿಸಿಬಿಡುವುದು ಕಲಿಯುವವರಿಗೆ ಮಾಡುವ ಅನ್ಯಾಯ.

ಕಾಗುಣಿತದ ವಿಷಯವನ್ನೂ ಹೇಳಬೇಕು. ಹಲವರು ಇದನ್ನು ‘ಬೆನಿಫಿಟ್’ ಎಂದು ಓದಿಕೊಂಡು ‘ಲಾಭವಾಗು’ ಎಂದು ಅರ್ಥ ಮಾಡುತ್ತಾರೆ. ‘ಬೆನಿಫಿಟ್’ ಎನ್ನುವಾಗ ಒತ್ತು ಮೊದಲ ಭಾಗದ ಮೇಲಿರುವುದರಿಂದ ಭೂತಕಾಲದ ರೂಪದಲ್ಲಿ ‘ಟಿ’ ಅಕ್ಷರವನ್ನು ಸಾಮಾನ್ಯವಾಗಿ ಒಂದೇ ಬಾರಿ ಬರೆಯುತ್ತಾರೆ. ‘ಬಿಫಿಟ್’ ಎನ್ನುವಾಗ ಒತ್ತು ಕೊನೆಯ ಭಾಗದ ಮೇಲೆ ಬೀಳುವುದರಿಂದ ಅದು ಎರಡಾಗುತ್ತದೆ.

ಅಂಕಣಕಾರರು ಮುಂದಿನ ಕಂತಿನಲ್ಲಿ ಈ ಪದವನ್ನು ಮತ್ತೊಮ್ಮೆ ಎತ್ತಿಕೊಂಡು, ‘ಫಿಟ್’, ‘ಸೂಟ್’ ಪದಗಳ ಪಕ್ಕದಲ್ಲಿಟ್ಟು, ಪ್ರತಿಯೊಂದಕ್ಕೂ ಒಂದೊಂದು ಪೂರ್ಣ ವಾಕ್ಯದ ಉದಾಹರಣೆ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಪತ್ರಿಕೆಯ ಓದುಗ