ಐದು ಕುರ್ತಾ ತರಿಸಿದ್ದೆಯಲ್ಲ

ಮೈಸೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಕ್ಷೇಮವಾಗಿ ಬಂದು ಸೇರಿದೆ. ನಿನಗೆ ಕೊಡು ಅಂತ ನಿಮ್ಮಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಡಬ್ಬಿ ನನ್ನ ಚೀಲದಲ್ಲೇ ಉಳಿದು ವಾಪಸ್ ಬಂದಿದೆ. ಅದಕ್ಕೆ ಬೈಸಿಕೊಂಡೂ ಆಯಿತು.

ಈ ಪತ್ರ ಬೇರೆ ಕಾರಣಕ್ಕೆ. ನಿನ್ನೆ ಬೆಳಿಗ್ಗೆ ನಿನ್ನ ಮನೆಗೆ ಪಾರ್ಸೆಲ್ ಬಂತಲ್ಲ. ಐದು ಕುರ್ತಾ. ನೀನು ಕನ್ನಡಿ ಮುಂದೆ ಐದನ್ನೂ ಹಾಕಿ ನೋಡಿದೆ. ಕಪ್ಪನೆಯದು ಒಂದು ಇಟ್ಟುಕೊಂಡೆ. ಮಿಕ್ಕ ನಾಲ್ಕು ವಾಪಸ್ ಅಂತ ಸೋಫಾ ಮೇಲೆ ಹಾಕಿ ಕಾಫಿ ಮಾಡಲು ಹೋದೆ. ನೀನು ಬರುವಷ್ಟರಲ್ಲಿ ನಾನು ನಾಲ್ಕನ್ನೂ ಮಡಿಸಿ, ಕವರಿಗೆ ಹಾಕಿ, ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದೆ. ನೀನು ನಕ್ಕುಬಿಟ್ಟೆ. 'ಅಪ್ಪಾ, ಥೇಟ್ ಅಂಗಡಿಯವರ ಥರ!'

ಥರ ಏನು ಬಂತು? 27 ವರ್ಷ ಅದೇ ತಾನೇ ಮಾಡಿದ್ದು.

ಆಮೇಲೆ ಊಟ ಮಾಡುವಾಗ ನೀನು ಕೇಳಿದೆ, 'ಆಗೆಲ್ಲ ಪೇಟೆಗೆ ಹೋಗೋದೇ ಒಂದು ಹಬ್ಬ ಅಂತ ಎಲ್ಲರೂ ಹೇಳ್ತಾರಲ್ಲ, ನಿಜವಾ ಅಪ್ಪ?' ನಾನು ಹ್ಞೂಂ ಅಂದು ಸುಮ್ಮನಾದೆ. ಬಸ್ಸಿನಲ್ಲಿ ಮಂಡ್ಯ ದಾಟುವವರೆಗೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಹಾಗೆ ಹೇಳುವವರೆಲ್ಲ ಕೊಳ್ಳಲು ಬಂದವರು ಕಣೇ. ಅವರಿಗೆ ಹಬ್ಬ, ನಿಜ. ಕೌಂಟರಿನ ಈಚೆ ನಿಂತಿದ್ದವರನ್ನು ಯಾರೂ ಕೇಳಿಲ್ಲ. ನೀನು ಕೇಳಿದೆ, ನಾನು ಸರಿಯಾಗಿ ಹೇಳಲಿಲ್ಲ.

ನಾನು ಬಟ್ಟೆ ಅಂಗಡಿ ಕೆಲಸಕ್ಕೆ ಸೇರಿದ್ದು 1981ರಲ್ಲಿ. ಸಯ್ಯಾಜಿರಾವ್ ರಸ್ತೆ, ದೇವರಾಜ ಮಾರುಕಟ್ಟೆಗೆ ಕೂಗಳತೆ ದೂರ. ಚಿಕ್ಕ ಗಡಿಯಾರದ ಹತ್ತಿರ ಟಾಂಗಾಗಳು ನಿಂತಿರುತ್ತಿದ್ದವು. ಬೆಳಿಗ್ಗೆ ಷಟರ್ ಎತ್ತುವಾಗ ಕುದುರೆ ಲದ್ದಿ, ಮಲ್ಲಿಗೆ, ಅಗರಬತ್ತಿ ಎಲ್ಲ ಸೇರಿ ಒಂದು ವಾಸನೆ. ಅದರ ಹಿಂದೆಯೇ ಒಳಗಿನ ಹೊಸ ಬಟ್ಟೆಯ ಗಂಜಿ ವಾಸನೆ. ಕಸ ಗುಡಿಸಿ, ಬಾಗಿಲಿಗೆ ನೀರು ಹಾಕಿ, ದೇವರ ಪಟಕ್ಕೆ ಹೂವು ಮುಡಿಸಿದ ಮೇಲೆ ಬೋಣಿ ಆಗುವವರೆಗೂ ಯಾರೂ ಟೀ ಕುಡಿಯುವಂತಿಲ್ಲ. ಮೊದಲ ಗಿರಾಕಿ ಒಂದು ಕರ್ಚೀಫ್ ತೆಗೆದುಕೊಂಡರೂ ಸಾಕು, ಮಾಲೀಕರು ನೋಟನ್ನು ಕಣ್ಣಿಗೆ ಒತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದರು. ಆಮೇಲೆ ನಮಗೆ ಟೀ.

ಕೆಳಗೆ ಕೌಂಟರು. ಪಾಪ್ಲಿನ್, ಟೆರಿಕಾಟ್, ಲಂಗದ ಬಟ್ಟೆ, ಸ್ಕೂಲ್ ಯೂನಿಫಾರ್ಮಿನ ಥಾನುಗಳು. ಮೇಲೆ ಸೀರೆ. ಅಲ್ಲಿ ಬಿಳಿ ಚಾದರ ಹಾಸಿದ ಗಾದಿ. ಗಿರಾಕಿಗಳು ಚಪ್ಪಲಿ ಬಿಟ್ಟು ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ಮೊದಲ ಆರು ವರ್ಷ ನಾನು ಕೆಳಗೇ ಇದ್ದೆ. ಮೀಟರ್ ಕೋಲಿನಲ್ಲಿ ಅಳೆದು, ಅಂಚಿಗೆ ಕತ್ತರಿಯಿಂದ ಒಂದು ಚಿಟಿಕೆ ಕೊಟ್ಟು, ಎರಡೂ ಕೈಯಲ್ಲಿ ಎಳೆದರೆ ಚರ್ರ್ ಅಂತ ನೇರವಾಗಿ ಹರಿಯಬೇಕು. ಸೊಟ್ಟ ಹೋದರೆ ಬೈಗುಳ. ಅಳತೆಯ ಮೇಲೆ ಎರಡು ಬೆರಳು ಜಾಸ್ತಿ ಬಿಡಬೇಕು, ಅದೂ ಗಿರಾಕಿಗೆ ಕಾಣುವ ಹಾಗೆ ಬಿಡಬೇಕು! ವಯಸ್ಸಾದವರು ಆಗಲೂ ಗಜದ ಲೆಕ್ಕದಲ್ಲೇ ಕೇಳುತ್ತಿದ್ದರು. ನಾವು ಬಾಯಲ್ಲೇ ಮೀಟರಿಗೆ ತಿರುಗಿಸಿ ಹೇಳುತ್ತಿದ್ದೆವು.

ಈಗ ಒಂದು ಗುಟ್ಟು ಹೇಳುತ್ತೇನೆ. ಪ್ರತಿ ಸೀರೆಯ ಮೂಲೆಗೆ ಒಂದು ಚೀಟಿ ಇರುತ್ತಿತ್ತು, ಅದರಲ್ಲಿ ಎರಡು ಸಾಲು. ಮೇಲಿನದು ಅಂಕಿ, ಗಿರಾಕಿಗೆ. ಕೆಳಗಿನದು ಅಕ್ಷರ, ನಮಗೆ. ಒಂದಕ್ಕಿಂತ ಒಂದು ಬೇರೆಯಾದ ಹತ್ತು ಅಕ್ಷರಗಳ ಒಂದು ಮಾತನ್ನು ಮಾಲೀಕರು ಆರಿಸಿಕೊಂಡಿದ್ದರು. ಮೊದಲ ಅಕ್ಷರ ಬಂದರೆ 1, ಎರಡನೆಯದಾದರೆ 2, ಕೊನೆಯದು ಸೊನ್ನೆ. ಅಸಲು ಎಷ್ಟು ಅಂತ ಆ ಅಕ್ಷರಗಳಲ್ಲಿ ಬರೆದಿರುತ್ತಿತ್ತು. ಬಟ್ಟೆ ಅಂಗಡಿಗಳಲ್ಲಿ ಇದು ಹಳೇ ಪದ್ಧತಿ, ಒಂದೊಂದು ಅಂಗಡಿಗೆ ಒಂದೊಂದು ಮಾತು. ಗಿರಾಕಿ 'ಇನ್ನೂರಕ್ಕೆ ಕೊಡಿ' ಅಂದಾಗ ನಾನು ಚೀಟಿ ಕಡೆ ಕಣ್ಣು ಹಾಯಿಸಿ, ಮುಖ ಸಪ್ಪಗೆ ಮಾಡಿಕೊಂಡು, 'ಅಸಲೇ ಹುಟ್ಟಲ್ಲ ಅಕ್ಕಾ' ಅನ್ನುತ್ತಿದ್ದೆ. ಬಹಳ ಸಲ ಹುಟ್ಟುತ್ತಿತ್ತು. ಆ ಹತ್ತು ಅಕ್ಷರ ಯಾವುದು ಅಂತ ನಿಮ್ಮಮ್ಮನಿಗೂ ಹೇಳಿಲ್ಲ. ನಿನಗೂ ಹೇಳಲ್ಲ.

ಮೇಲಿನ ಗಾದಿಗೆ ಹೋದ ಮೇಲೆ ನಿಜವಾದ ಕೆಲಸ ಕಲಿತೆ. ನನಗೆ ಕಲಿಸಿದ ಹಿರಿಯರು ಹೇಳಿದ್ದು ಇಷ್ಟೇ. ಬೆಲೆ ಕೇಳಬೇಡ, 'ಎಷ್ಟರಲ್ಲಿ ತೋರಿಸಲಿ' ಅನ್ನಬೇಡ. ಅದು ಅವರ ಮರ್ಯಾದೆ ಪ್ರಶ್ನೆ. ಮೊದಲು ನಡುವಿನ ದರದ್ದು ನಾಲ್ಕು ಹಾಕು. ಬಾಯಿ ಏನು ಹೇಳುತ್ತೆ ಅಂತ ಕೇಳಬೇಡ, ಕೈ ಎಲ್ಲಿಗೆ ಹೋಗುತ್ತೆ ನೋಡು. ಹೆಂಗಸರು ಸೀರೆ ಇಷ್ಟವಾದರೆ ಮೊದಲು ಸೆರಗು ಮುಟ್ಟುವುದಿಲ್ಲ, ಅಂಚನ್ನು ಹೆಬ್ಬೆರಳಲ್ಲಿ ಉಜ್ಜುತ್ತಾರೆ. ಇಷ್ಟವಾಗಿ ದುಡ್ಡು ಸಾಲದಿದ್ದರೆ ಆ ಸೀರೆಯನ್ನು ಮಡಿಲಿನಿಂದ ಸ್ವಲ್ಪ ದೂರ ತಳ್ಳಿ, ಬೇರೆ ಏನನ್ನೋ ಕೇಳುತ್ತಾರೆ. ಆಗ ಅದೇ ಬಣ್ಣದ್ದು, ಇನ್ನೊಂದು ಮಟ್ಟ ಕೆಳಗಿನ ದರದ್ದು ಹುಡುಕಿ ತರುವವನೇ ಸೇಲ್ಸ್‌ಮ್ಯಾನ್. ನಿಮ್ಮ ಕಂಪ್ಯೂಟರ್ ಈಗ ಮಾಡುವುದೂ ಅದೇ ಅಲ್ವಾ? 'ಇದೂ ನಿಮಗೆ ಇಷ್ಟವಾಗಬಹುದು' ಅಂತ ತೋರಿಸುತ್ತಲ್ಲ. ನಮಗೆ ಅದಕ್ಕೆ ಒಂದು ಹೆಬ್ಬೆರಳು ಸಾಕಿತ್ತು.

ಟ್ಯೂಬ್‌ಲೈಟ್ ಬೆಳಕು ಬಣ್ಣದ ವಿಷಯದಲ್ಲಿ ಸುಳ್ಳು ಹೇಳುತ್ತೆ. ಆದ್ದರಿಂದ ಕೊನೆಗೆ ಎರಡು ಸೀರೆ ಉಳಿದಾಗ, ಅವೆರಡನ್ನೂ ಹೆಗಲ ಮೇಲೆ ಹಾಕಿಕೊಂಡು ನಾನು ಮೆಟ್ಟಿಲಿಳಿದು ಬಾಗಿಲಾಚೆ ಬಿಸಿಲಿಗೆ ಹೋಗುತ್ತಿದ್ದೆ. ಹಿಂದೆಯೇ ಮನೆಯವರೆಲ್ಲ ಸಾಲಾಗಿ. ಫುಟ್‌ಪಾತಿನಲ್ಲಿ ನಿಂತು ಸೀರೆ ಬಿಡಿಸಿ ಹಿಡಿದರೆ, ಹೂವಿನವಳು, ಹಾದುಹೋಗುವವರು, ಎಲ್ಲರೂ ಒಂದೊಂದು ಮಾತು ಹೇಳುವವರೇ. 'ಆ ಕೆಂಪೇ ಚೆಂದ ತಗೊಳಮ್ಮ.' ಆಮೇಲೆ ಆ ತಾಯಿ ನನ್ನ ಕಡೆ ತಿರುಗಿ ಕೇಳುತ್ತಿದ್ದಳು, 'ನೀವೇ ಹೇಳಿಬಿಡಿ ಅಣ್ಣ, ಯಾವುದು?'

ಈ ಮಾತಿಗೆ ನಾನು ಒಂದು ಸಲವೂ ಸುಳ್ಳು ಹೇಳಿಲ್ಲ ಪುಟ್ಟಿ. ಅಸಲಿನ ವಿಷಯದಲ್ಲಿ ಸಾವಿರ ಸುಳ್ಳು ಹೇಳಿದ್ದೇನೆ. ಇದರಲ್ಲಿ ಇಲ್ಲ. ಕಡಿಮೆ ಬೆಲೆಯದೇ ಒಪ್ಪುತ್ತಿದ್ದರೆ ಅದನ್ನೇ ಹೇಳಿದ್ದೇನೆ. ಎಸ್‌ಎಸ್‌ಎಲ್‌ಸಿ ಫೇಲಾದ ಹುಡುಗ ನಾನು. ನನ್ನ ಮಾತನ್ನು ನಂಬಿ ಯಾರೋ ಗುರುತಿಲ್ಲದವರು ತಮ್ಮ ಮಗಳ ಧಾರೆ ಸೀರೆ ಆರಿಸುತ್ತಿದ್ದರು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪಿನ ಹರಾಜು ಶುರುವಾದದ್ದು ನಮಗೆ ಪೇಪರ್ ನೋಡದೆ ಗೊತ್ತಾಗುತ್ತಿತ್ತು. ಮನೆಮಂದಿಯೆಲ್ಲ ಬರುತ್ತಿದ್ದರು, ಅಜ್ಜಿಯಿಂದ ಹಿಡಿದು ಕೈಗೂಸಿನವರೆಗೆ. ಮೊದಲು ಮಾರುಕಟ್ಟೆಗೆ ಹೋಗಿ ವೀಳ್ಯದೆಲೆ, ರಸಬಾಳೆ, ಮಲ್ಲಿಗೆ ತಂದುಬಿಡುತ್ತಿದ್ದರು. ಒದ್ದೆ ಬಾಳೆಲೆಯ ಪೊಟ್ಟಣದಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಅದನ್ನು ರೇಷ್ಮೆ ಸೀರೆ ಪಕ್ಕ ಇಡುವುದು, ನಾವು ಹಾರಿ ಹೋಗಿ ಎತ್ತಿ ಇಡುವುದು. ಆಷಾಢದಲ್ಲಿ ಮಾತ್ರ ನೊಣ ಹೊಡೆಯುವ ಕೆಲಸ. ಮದುವೆಯಿಲ್ಲ, ಮುಂಜಿಯಿಲ್ಲ. ರಿಬೇಟ್ ಬೋರ್ಡು ಹಾಕಿ ಹಳೇ ಮಾಲು ಖಾಲಿ ಮಾಡುತ್ತಿದ್ದೆವು.

ದಸರಾ ಅಂದರೆ ಊರಿಗೆಲ್ಲ ಸಂಭ್ರಮ, ನನಗೆ ಕಾಲುನೋವು. ವಿಜಯದಶಮಿ ದಿನ ಜಂಬೂಸವಾರಿ ನಮ್ಮ ಅಂಗಡಿ ಮುಂದೆಯೇ ಬನ್ನಿಮಂಟಪಕ್ಕೆ ಹೋಗಬೇಕು. ಮಹಡಿಯ ಕಿಟಕಿಗಳೆಲ್ಲ ಮಾಲೀಕರ ನೆಂಟರಿಗೆ. ನಾವು ಷಟರ್ ಅರ್ಧ ಇಳಿಸಿ, ಅದರ ಕೆಳಗೆ ಬಗ್ಗಿ ನೋಡುತ್ತಿದ್ದೆವು. ದ್ರೋಣ ಅನ್ನುವ ಆನೆ 750 ಕಿಲೋ ಅಂಬಾರಿ ಹೊತ್ತು ಹೋಗುತ್ತಿದ್ದ ಎಷ್ಟೋ ವರ್ಷ ನಾನು ಕಂಡದ್ದು ಅವನ ನಾಲ್ಕು ಕಾಲು, ಅಷ್ಟೇ. ಅವನೂ ನಿಂತೇ ಇರಬೇಕಲ್ಲ ಪಾಪ, ನನ್ನ ಹಾಗೆ ಅಂದುಕೊಳ್ಳುತ್ತಿದ್ದೆ.

ನಗಬೇಡ. ಕೌಂಟರಿನ ಹಿಂದೆ ನಮಗೆ ಕುರ್ಚಿ ಇರಲಿಲ್ಲ. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ, ಕೂತರೆ ಸೋಮಾರಿ ಅನ್ನುತ್ತಿದ್ದರು. ಹಬ್ಬದ ತಿಂಗಳು ಬೆಳಿಗ್ಗೆ ಒಂಬತ್ತಕ್ಕೆ ನಿಂತವರು ರಾತ್ರಿ ಹತ್ತಕ್ಕೆ ಮನೆಗೆ. ನನ್ನ ಕಾಲಿನ ಹಸಿರು ನರದ ಗಂಟುಗಳನ್ನು ಚಿಕ್ಕವಳಿದ್ದಾಗ ನೀನು ಬೆರಳಿನಿಂದ ಎಣಿಸುತ್ತಿದ್ದೆ, ನೆನಪಿದೆಯಾ? ಕೇರಳದಲ್ಲಿ 2018ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಜಾಗ ಕೊಡಬೇಕು ಅಂತ ಕಾನೂನು ತಿದ್ದಿದರು, 2021ರಲ್ಲಿ ತಮಿಳುನಾಡಿನಲ್ಲೂ. ಪೇಪರಿನಲ್ಲಿ ಓದಿ ನಿಮ್ಮಮ್ಮನಿಗೆ ತೋರಿಸಿದೆ. 'ಈಗ ಕೂತು ಏನು ಮಾಡ್ತೀರಿ' ಅಂದಳು.

ಮಾಲೀಕರು ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹಿಡಿಯುವ ಮನುಷ್ಯ. ಗಲ್ಲಾದ ಮೇಲೆ ಬೋರ್ಡು: 'ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.' ಒಂದು ಮಧ್ಯಾಹ್ನ ಒಬ್ಬರು ಬಂದರು. ಎರಡು ವಾರದ ಹಿಂದೆ ನಾನೇ ಏಳು ಸೀರೆ ಕೊಟ್ಟಿದ್ದೆ, ಮದುವೆಗೆ. ಅದೇ ಬ್ರೌನ್ ಪೇಪರು, ಅದೇ ಹುರಿ, ಬಿಚ್ಚಿಯೇ ಇರಲಿಲ್ಲ. ಗಂಡಿನ ಕಡೆಯವರು ಮದುವೆಯೇ ಬೇಡ ಅಂದಿದ್ದರು. ಬಂದವರು ಬೋರ್ಡಿನ ಕಡೆ ನೋಡುತ್ತಾ ಸುಮ್ಮನೆ ನಿಂತಿದ್ದರು. ಮಾಲೀಕರು ಒಂದು ಮಾತೂ ಕೇಳಲಿಲ್ಲ. ಪೂರ್ತಿ ದುಡ್ಡು ಎಣಿಸಿ, ಲಕೋಟೆಗೆ ಹಾಕಿ ಕೊಟ್ಟರು. ಆಮೇಲೆ ನನ್ನನ್ನು ಕರೆದು, 'ಈ ಏಳೂ ಮೇಲಿನ ಕಪಾಟಿನಲ್ಲಿಡು, ಈ ಸೀಸನ್ನಿನಲ್ಲಿ ಇನ್ಯಾರ ಮದುವೆಗೂ ಕೊಡಬೇಡ' ಅಂದರು. ಅದೇ ಸಂಜೆ ನನಗೆ ಟೀ ಹೆಚ್ಚು ಕುಡಿದೆ ಅಂತ ಬೈದರು. ಆ ಮನುಷ್ಯನನ್ನು ಏನಂತ ತಿಳಿಯಬೇಕು ಅಂತ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ನೀನು ಅಂಗಡಿಗೆ ಬರುತ್ತಿದ್ದೆ, ಶನಿವಾರ ಸ್ಕೂಲು ಬಿಟ್ಟ ಮೇಲೆ. ಕೌಂಟರಿನ ಕೆಳಗೆ ತುಂಡು ಬಟ್ಟೆ ರಾಶಿಯಲ್ಲಿ ಕೂತು ಗೊಂಬೆಗೆ ಲಂಗ ಮಾಡುತ್ತಿದ್ದೆ. ಆರನೇ ಕ್ಲಾಸಿನ ಮೇಲೆ ಬರುವುದು ನಿಲ್ಲಿಸಿದೆ. ಯಾರೋ ಕೇಳಿದರೆ 'ಅಪ್ಪಂದು ಬಟ್ಟೆ ಬಿಸಿನೆಸ್' ಅನ್ನುತ್ತಿದ್ದೆಯಂತೆ. ನಿಮ್ಮಮ್ಮ ಹೇಳಿದ್ದಳು. ನನಗೇನೂ ಬೇಜಾರಾಗಲಿಲ್ಲ. ಸ್ವಲ್ಪ ಆಯಿತು.

ಆಮೇಲಿನ ಕತೆ ನಿನಗೇ ಗೊತ್ತು. ಜನ ದರ್ಜಿ ಹತ್ತಿರ ಹೋಗುವುದು ಬಿಟ್ಟು ರೆಡಿಮೇಡ್ ಕೊಂಡರು, ಯುವಕರೆಲ್ಲ ದೇವರಾಜ ಅರಸು ರಸ್ತೆಯ ಗಾಜಿನ ಅಂಗಡಿಗಳಿಗೆ ಹೋದರು. 2008ರಲ್ಲಿ ಮಾಲೀಕರ ಮಕ್ಕಳು ಕಟ್ಟಡ ಬಾಡಿಗೆಗೆ ಕೊಟ್ಟರು. ನಿನ್ನ ಹೈಸ್ಕೂಲ್ ಪುಸ್ತಕ ತಂದಿದ್ದೆವಲ್ಲ, ಆ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಕಡೆ ಬಿತ್ತು. ಕೆಡವಬೇಕು, ಬೇಡ, ಉಳಿಸಬೇಕು ಅಂತ ವರ್ಷಗಟ್ಟಲೆ ಕೋರ್ಟು ಕಚೇರಿ ನಡೆಯಿತು. ನಾನು ಈಗಲೂ ಆ ಕಡೆ ಹೋದರೆ ಹೂವು ತರುತ್ತೇನೆ. ನಮ್ಮ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಮಾರುತ್ತಾರೆ. ಹುಡುಗರು ಅಲ್ಲೂ ನಿಂತೇ ಇರುತ್ತಾರೆ.

ಹಾಗಾಗಿ ಹಳೆಯದೇ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ನೀನು ಮನೆಯಲ್ಲೇ ಕೂತು ಐದು ತರಿಸಿ ನಾಲ್ಕು ಕಳಿಸುತ್ತೀಯ, ಯಾರ ಮುಖವನ್ನೂ ನೋಡುವ ಸಂಕೋಚವಿಲ್ಲ. ನಿಮ್ಮಮ್ಮ ಒಳಉಡುಪು ಕೊಳ್ಳಲು ಗಂಡಸರೇ ತುಂಬಿದ ಅಂಗಡಿ ಮುಂದೆ ಮೂರು ಸಲ ಸುಮ್ನೆ ಹಾದುಹೋಗಿ ವಾಪಸ್ ಬಂದದ್ದುಂಟು. ಅದಕ್ಕೆ ಹೋಲಿಸಿದರೆ ಇದು ಎಷ್ಟೋ ಮೇಲು. ಆದರೆ ನೀನು ಕನ್ನಡಿ ಮುಂದೆ ಒಬ್ಬಳೇ ತಿರುಗಿ ತಿರುಗಿ ನೋಡಿಕೊಳ್ಳುತ್ತಿದ್ದಾಗ ನಾನು ಹಿಂದೆಯೇ ಕೂತಿದ್ದೆ. ಕೇಳುತ್ತೀಯೇನೋ ಅಂತ ಕಾದೆ. ನೀನು ಫೋಟೋ ತೆಗೆದು ಗೆಳತಿಯರಿಗೆ ಕಳಿಸಿದೆ.

ಅದಕ್ಕೇ ಈಗ ಹೇಳುತ್ತಿದ್ದೇನೆ. ಕಾಫಿ ಮಾಡಲು ನೀನು ಒಳಗೆ ಹೋದಾಗ, ಆ ನೇರಳೆ ಬಣ್ಣದ್ದನ್ನು ಬಾಲ್ಕನಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡಿದೆ. ಕಪ್ಪಿಗಿಂತ ನೂರೈವತ್ತು ಕಡಿಮೆ. ಬಟ್ಟೆಯೂ ಅದಕ್ಕಿಂತ ಒಳ್ಳೆಯದು, ಹೊಲಿಗೆ ಬಿಡಿಸಿದರೆ ಒಂದಿಂಚು ಒಳಗಿದೆ. ನಿನ್ನ ಬಣ್ಣಕ್ಕೆ ಕಪ್ಪು ಏನೂ ಮಾಡುವುದಿಲ್ಲ, ಬೀರುವಿನಲ್ಲಿ ಆಗಲೇ ಮೂರು ಕಪ್ಪಿವೆ. ಲೈಟಿನ ಬೆಳಕಿನಲ್ಲಿ ನೇರಳೆ ಮಂಕಾಗಿ ಕಂಡಿದೆ ನಿನಗೆ, ಅಷ್ಟೇ.

ವಾಪಸ್ ಒಯ್ಯುವವನು ಬುಧವಾರ ಬರುತ್ತಾನೆ ಅಂದಿದ್ದೆ. ಈ ಪತ್ರವನ್ನು ಚಟ್ನಿಪುಡಿ ಡಬ್ಬಿ ಜೊತೆ ನಾಳೆ ಬೆಳಿಗ್ಗೆಯೇ ಕೊರಿಯರಿಗೆ ಹಾಕುತ್ತೇನೆ, ಮಂಗಳವಾರ ಸಿಗುತ್ತೆ ಅಂತಾರೆ. ಕಿಟಕಿ ಹತ್ತಿರ ಹಿಡಿದು ಇನ್ನೊಂದು ಸಲ ನೋಡು. ಕವರಿನಲ್ಲಿ ಮೇಲಿನಿಂದ ಎರಡನೆಯದು.

ನಿನ್ನ,
ಅಪ್ಪ