ದೂರು ಪತ್ರ: ನಮ್ಮನ್ನು ಕೇಳದೆ ಮನೆಯ ಕಂಪ್ಯೂಟರಿನ ಬಯೋಸ್ ಅಪ್‌ಡೇಟ್ ಮಾಡಿದ್ದರ ಬಗ್ಗೆ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ನಿಮ್ಮ ಅಪ್‌ಡೇಟ್ ಸಾಫ್ಟ್‌ವೇರಿನಿಂದ ಆದ ತೊಂದರೆ ಮತ್ತು ಸೇವಾ ನ್ಯೂನತೆ

ಮಾನ್ಯರೇ,

ನಮ್ಮ ಮನೆಯಲ್ಲಿರುವುದು ನಿಮ್ಮ ಕಂಪನಿಯ ಆಲ್-ಇನ್-ಒನ್ ಕಂಪ್ಯೂಟರ್. ವಾರಂಟಿ ಇನ್ನೂ ಇದೆ. ವಿಂಡೋಸ್ 11 ಹೋಮ್ ಜೊತೆಗೆ ನಿಮ್ಮದೇ ಒಂದು ಅಪ್‌ಡೇಟ್ ಸಾಫ್ಟ್‌ವೇರನ್ನೂ ಹಾಕಿ ಕೊಟ್ಟಿದ್ದೀರಿ. ಈ ದೂರು ಅದರ ಬಗ್ಗೆ.

ಕಳೆದ ತಿಂಗಳು, ನಮ್ಮ ಸ್ತ್ರೀಶಕ್ತಿ ಸಂಘದ ವಾರ್ಷಿಕ ಸಭೆಯ ಹಿಂದಿನ ರಾತ್ರಿ, ನಾನು ಲೆಕ್ಕಪತ್ರ ಮುಗಿಸಿ ಪ್ರಿಂಟ್ ಕೊಡುವುದರಲ್ಲಿದ್ದೆ. ಸ್ಕ್ರೀನ್ ಕಪ್ಪಾಯಿತು. ಫ್ಯಾನ್ ಜೋರಾಗಿ ತಿರುಗತೊಡಗಿತು. ನಿಮ್ಮ ಲೋಗೋ ಬಂತು, ಕೆಳಗೆ ಒಂದು ಗೆರೆ ನಿಧಾನಕ್ಕೆ ತುಂಬುತ್ತಾ ಹೋಯಿತು. ಬಯೋಸ್ ಅಪ್‌ಡೇಟ್ ಆಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬಯೋಸ್ ಎಂದರೆ ಕಂಪ್ಯೂಟರ್ ಆನ್ ಆದಾಗ ವಿಂಡೋಸಿಗೂ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್. ಹೊರಗೆ ಜೋರು ಮಳೆ. ನಾವಿರುವುದು ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ನಿಮ್ಮ ಕಂಪ್ಯೂಟರಿಗೆ ಲ್ಯಾಪ್‌ಟಾಪಿನ ಹಾಗೆ ಒಳಗೆ ಬ್ಯಾಟರಿ ಇಲ್ಲ. ಬಯೋಸ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಮದರ್‌ಬೋರ್ಡೇ ಕೈಕೊಡಬಹುದು ಎಂದು ನಿಮ್ಮ ಎಂಜಿನಿಯರುಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆ ಹೊತ್ತಿನಲ್ಲಿ, ಆ ಮಳೆಯಲ್ಲಿ, ಅದನ್ನು ಶುರು ಮಾಡಬೇಕೋ ಬೇಡವೋ ಎಂದು ಹೇಳಬೇಕಾದವರು ಯಾರು? ಮನೆಯಲ್ಲಿ ಕೂತಿರುವ ನಾವು ತಾನೇ?

ಕರೆಂಟ್ ಹೋಗಲಿಲ್ಲ. ಆದರೆ ಅಪ್‌ಡೇಟ್ ಮುಗಿದ ಮೇಲೆ ವಿಂಡೋಸ್ ಬರಲಿಲ್ಲ. ನೀಲಿ ಪರದೆ ಬಂದು ವಿಂಡೋಸಿನ ಡಿಸ್ಕ್ ಬೀಗವಾದ ಬಿಟ್‌ಲಾಕರಿನ ರಿಕವರಿ ಕೀ ಕೇಳಿತು. 48 ಅಂಕಿ. ಈಗಿನ ಹೊಸ ಕಂಪ್ಯೂಟರುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಆ ಬೀಗದ ಕೀ ಕಾಯುವುದು ಟಿಪಿಎಂ ಎಂಬ ಚಿಪ್. ಬಯೋಸ್ ಬದಲಾದರೆ ಅದಕ್ಕೆ ಅನುಮಾನ ಬಂದು ಕೀ ಕೊಡದೇ ಇರಬಹುದು. ಅದಕ್ಕೇ ಬಯೋಸ್ ಅಪ್‌ಡೇಟಿಗೆ ಮೊದಲು ಬಿಟ್‌ಲಾಕರನ್ನು ಸ್ವಲ್ಪ ಹೊತ್ತು ತಡೆದಿಡಬೇಕು. ನಿಮ್ಮ ಸಾಫ್ಟ್‌ವೇರ್ ಅದನ್ನೂ ಮಾಡಲಿಲ್ಲ, ಕೀ ಎಲ್ಲಿದೆ ನೋಡಿಟ್ಟುಕೊಳ್ಳಿ ಅಂತ ಒಂದು ಮಾತು ಹೇಳಲೂ ಇಲ್ಲ.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದರೆ ಬಂದ ಉತ್ತರ: ‘ಫಾರ್ಮ್ಯಾಟ್ ಮಾಡಬೇಕಾಗುತ್ತೆ ಮೇಡಂ, ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ತನ್ನಿ.’ ಫಾರ್ಮ್ಯಾಟ್ ಮಾಡಿದ್ದರೆ ಸಂಘದ ಇಡೀ ವರ್ಷದ ಲೆಕ್ಕ, ಮಗಳ ಪಿಯುಸಿ ಪ್ರಾಜೆಕ್ಟ್, ಮನೆಯ ಫೋಟೋಗಳು ಎಲ್ಲವೂ ಹೋಗುತ್ತಿದ್ದವು. ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರಬಹುದು ಎಂದು ಹೊಳೆದದ್ದು ಮಗಳಿಗೆ. ಅವಳು ಮೊಬೈಲಿನಲ್ಲಿ ಲಾಗಿನ್ ಆಗಿ, ಆರಾರು ಅಂಕಿಯ ಎಂಟು ಗುಂಪನ್ನು ಒಂದೊಂದಾಗಿ ಓದಿದಳು. ನಾನು ಟೈಪ್ ಮಾಡಿದೆ. ಲೆಕ್ಕ ಉಳಿಯಿತು. ಯಾವ ಇಮೇಲಿನಿಂದ ಖಾತೆ ತೆರೆದಿದ್ದೇವೆ ಎಂದೇ ನೆನಪಿಲ್ಲದ ಮನೆಗಳು ಎಷ್ಟೋ ಇವೆ. ಅಂಗಡಿಯ ಹುಡುಗ ತನ್ನದೇ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿರುವುದೂ ಉಂಟು. ಅಂಥವರಿಗೂ ನೀವು ಫಾರ್ಮ್ಯಾಟ್ ಮಾಡಿ ಅಂತಲೇ ಹೇಳುತ್ತಿದ್ದೀರಾ?

ಸುರಕ್ಷತೆಯ ಅಪ್‌ಡೇಟ್ ಬೇಡ ಎಂಬ ವಾದ ನನ್ನದಲ್ಲ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ವೈರಸ್ ಹಬ್ಬಿದಾಗ, ಅದನ್ನು ತಡೆಯುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು. ಅದನ್ನು ಹಾಕಿಕೊಂಡವರು ಬಚಾವಾದರು. ತಿಂಗಳ ಎರಡನೇ ಮಂಗಳವಾರ ಬಿಡುಗಡೆಯಾಗುವ ವಿಂಡೋಸ್ ಅಪ್‌ಡೇಟನ್ನು ನಾನೂ ತಪ್ಪದೆ ಹಾಕುತ್ತೇನೆ. ಆದರೆ ಕೇಳದೆ ತಳ್ಳಿದ ಅಪ್‌ಡೇಟ್ ಕೆಟ್ಟರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳಿಸಿದ ಒಂದು ತಪ್ಪು ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಜನ ಸಾಲುಗಟ್ಟಿ ಕಾದರು. ಅವುಗಳನ್ನು ಸರಿಪಡಿಸುವಾಗಲೂ ಎಷ್ಟೋ ಕಡೆ ಇದೇ ಬಿಟ್‌ಲಾಕರ್ ಕೀ ಹುಡುಕಬೇಕಾಯಿತು.

ಇಷ್ಟಕ್ಕೂ ವಿಂಡೋಸ್ ಹೋಮ್‌ನಲ್ಲೇ ಅಪ್‌ಡೇಟನ್ನು ಐದು ವಾರದವರೆಗೆ ತಡೆದಿಡಬಹುದು. ಕೆಲಸದ ಸಮಯ ಇದು ಎಂದು ಗುರುತು ಮಾಡಿಟ್ಟರೆ ಆ ಹೊತ್ತಿನಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ನಮಗೆ ಇಂಟರ್ನೆಟ್ ಬರುವುದು ಮೊಬೈಲ್ ಹಾಟ್‌ಸ್ಪಾಟಿನಿಂದ. ಅದಕ್ಕೇ ಡೇಟಾ ಮಿತವಾಗಿ ಬಳಸು ಎಂದು ವಿಂಡೋಸಿಗೆ ತಿಳಿಸುವ ಮೀಟರ್ಡ್ ಕನೆಕ್ಷನ್ ಸೆಟ್ಟಿಂಗ್ ಆನ್ ಮಾಡಿಟ್ಟಿದ್ದೇವೆ. ವಿಂಡೋಸ್ ಅದನ್ನು ನೋಡಿ ದೊಡ್ಡ ಡೌನ್‌ಲೋಡುಗಳನ್ನು ಸಾಮಾನ್ಯವಾಗಿ ತಡೆಯುತ್ತದೆ. ನಿಮ್ಮ ಸಾಫ್ಟ್‌ವೇರ್ ಮಾತ್ರ ಅದಕ್ಕೆ ಕ್ಯಾರೇ ಅನ್ನದೆ ದಿನದ ಡೇಟಾವನ್ನೆಲ್ಲ ಎಳೆದುಕೊಳ್ಳುತ್ತದೆ.

ಎಲ್ಲಕ್ಕಿಂತ ಜಾಸ್ತಿ ಬೇಜಾರಾದ ಸಂಗತಿ ಮುಂದಿನದು. ಆ ರಾತ್ರಿಯ ನಂತರ ನಿಮ್ಮ ಸಾಫ್ಟ್‌ವೇರಿನ ಸೆಟ್ಟಿಂಗ್ಸಿಗೆ ಹೋಗಿ ಆಟೋಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡಿದೆವು. ಕೆಲವು ದಿನ ಬಿಟ್ಟು ನೋಡಿದರೆ ಮತ್ತೆ ಆನ್! ತಾನಾಗಿ ನಡೆಯುವ ಕೆಲಸಗಳ ಪಟ್ಟಿ ಇರುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ತೆರೆದರೆ ನಿಮ್ಮ ಕಂಪನಿಯ ಹೆಸರಿನ ಫೋಲ್ಡರಿನಲ್ಲಿ, ನಾವು ನಿಲ್ಲಿಸಿದ್ದ ಕೆಲಸ ಮತ್ತೆ ‘ರೆಡಿ’ ಎಂದು ಕೂತಿತ್ತು. ಸಾಫ್ಟ್‌ವೇರ್ ತಾನು ಅಪ್‌ಡೇಟ್ ಆದಾಗಲೆಲ್ಲ ನಮ್ಮ ಆಯ್ಕೆಯನ್ನು ಅಳಿಸಿ ತನ್ನ ಇಷ್ಟದಂತೆ ಬರೆದುಕೊಳ್ಳುತ್ತಿದೆ. ಹಾಗಾದರೆ ಆ ಬಟನ್ ಕೊಟ್ಟಿರುವುದು ಸುಮ್ನೆ ತೋರಿಕೆಗಾ? ದುಡ್ಡು ಕೊಟ್ಟು ಕೊಂಡ ವಸ್ತುವಿನ ಮೇಲೆ ನಮ್ಮ ಮಾತು ನಡೆಯುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಕಡೆಗೆ ಆ ಸಾಫ್ಟ್‌ವೇರನ್ನೇ ತೆಗೆದುಹಾಕಿದ್ದೇವೆ. ಈಗ ಡ್ರೈವರ್ ಬೇಕಾದರೆ ನಿಮ್ಮ ವೆಬ್‌ಸೈಟಿನಿಂದ ನಾವೇ ಹುಡುಕಿ ಹಾಕಿಕೊಳ್ಳಬೇಕು.

ನಿಮ್ಮಿಂದ ನನಗೆ ಬೇಕಾದದ್ದು ಇಷ್ಟು. ಬಯೋಸ್ ಅಪ್‌ಡೇಟನ್ನು ನಾವು ಒಪ್ಪಿಗೆ ಕೊಡದೆ ಎಂದೂ ಶುರು ಮಾಡಬಾರದು. ಒಪ್ಪಿಗೆ ಕೇಳುವ ಆ ಕಿಟಕಿಯಲ್ಲೇ ಕರೆಂಟಿನ ಅಪಾಯವನ್ನೂ ರಿಕವರಿ ಕೀಯ ವಿಷಯವನ್ನೂ ಕನ್ನಡದಲ್ಲಿ ತಿಳಿಸಿ. ಬಿಟ್‌ಲಾಕರ್ ತಡೆದಿಡುವ ಕೆಲಸವನ್ನು ನಿಮ್ಮ ಸಾಫ್ಟ್‌ವೇರೇ ಮಾಡಲಿ. ಒಮ್ಮೆ ಆಫ್ ಮಾಡಿದ್ದು ಆಫ್ ಆಗಿಯೇ ಇರಲಿ. ಸಹಾಯವಾಣಿಯವರು ಫಾರ್ಮ್ಯಾಟ್ ಎನ್ನುವ ಮೊದಲು ಕೀ ಹುಡುಕುವ ದಾರಿ ಹೇಳಲಿ. ಅವರು ಫೋನಿನಲ್ಲಿ ಮರ್ಯಾದೆಯಿಂದಲೇ ಮಾತಾಡಿದರು. ಅವರಿಗೆ ಇದನ್ನು ಹೇಳಿಕೊಡದೇ ಇದ್ದದ್ದು ನಿಮ್ಮ ತಪ್ಪು.

ಗ್ರಾಹಕರಿಗೆ ಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆಯೇ. ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಅಲ್ಲೂ ಬಗೆಹರಿಯದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲಿನ ಪ್ರತಿ, ನೀಲಿ ಪರದೆಯ ಫೋಟೋ, ಟಾಸ್ಕ್ ಶೆಡ್ಯೂಲರಿನ ಸ್ಕ್ರೀನ್‌ಶಾಟ್ ಇದರ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ